ಗರಡಿಯ ಹೊಸ್ತಿಲು ಮತ್ತು ದೆಹಲಿಯ ಬೀದಿ: ಮಹಿಳಾ ಕುಸ್ತಿಪಟುಗಳ ಪ್ರತಿಭಟನೆಯನ್ನು ಗದಗ ಸೀಮೆಯಿಂದ ಓದುವ ಒಂದು ಪ್ರಯತ್ನ

ಕನ್ನಡ ಜಾನಪದ ಅಧ್ಯಯನದಲ್ಲಿ ‘ಜನಪದ ಕ್ರೀಡೆ’ ಎಂಬುದು ಬಹುಮಟ್ಟಿಗೆ ಪಟ್ಟಿಗಳ ಕ್ಷೇತ್ರವಾಗಿ ಉಳಿದಿದೆ. ಚಿಣ್ಣಿಕೋಲು, ಗೋಲಿ, ಕುಂಟಾಬಿಲ್ಲೆ, ಚೌಕಾಬಾರ, ಹುಲಿಮನೆ, ಸಂಗ್ರಾಣಿ ಕಲ್ಲು ಎತ್ತುವುದು, ಚೀಲ ಹೊರುವುದು, ಕುಸ್ತಿ ಎಂದು ಆಟಗಳನ್ನು ಎಣಿಸುತ್ತೇವೆ. ಒಳಾಂಗಣ, ಹೊರಾಂಗಣ ಎಂದು ವಿಂಗಡಿಸುತ್ತೇವೆ. ಮಕ್ಕಳವು, ಗಂಡಸರವು, ಹೆಂಗಸರವು ಎಂದು ಮತ್ತೊಮ್ಮೆ ವಿಂಗಡಿಸುತ್ತೇವೆ. ಆಟದ ನಿಯಮ, ಬಳಸುವ ಸಲಕರಣೆ, ಆಡುವ ಋತು ಇವನ್ನು ವಿವರಿಸಿ, ಕೊನೆಯಲ್ಲಿ ಈ ಆಟಗಳು ನಶಿಸುತ್ತಿವೆ ಎಂದು ವಿಷಾದಿಸಿ ಅಧ್ಯಾಯವನ್ನು ಮುಗಿಸುತ್ತೇವೆ. ಆಟದ ಕಣಕ್ಕೆ ಯಾರನ್ನು ಬಿಡಲಾಗುತ್ತದೆ, ಯಾರನ್ನು ಬಿಡಲಾಗುವುದಿಲ್ಲ, ಕಣದಲ್ಲಿ ಅನ್ಯಾಯವಾದಾಗ ಯಾರ ಮುಂದೆ ದೂರಬೇಕು ಎಂಬ ಪ್ರಶ್ನೆಗಳು ಈ ವಿಂಗಡಣೆಯೊಳಗೆ ಬರುವುದೇ ಇಲ್ಲ. ‘ಹೆಂಗಸರ ಆಟಗಳು’ ಎಂಬ ಉಪಶೀರ್ಷಿಕೆಯೇ ಒಂದು ಗೋಡೆ ಎಂಬುದು ನಮ್ಮ ಗಮನಕ್ಕೆ ಬಂದಿಲ್ಲ.

2023ರ ಜನವರಿಯಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಆರಂಭವಾಗಿ, 2024ರ ಪ್ಯಾರಿಸ್ ಒಲಿಂಪಿಕ್ಸ್‌ವರೆಗೆ ಮುಂದುವರಿದ ಕುಸ್ತಿಪಟುಗಳ ಪ್ರತಿಭಟನೆಯು ಈ ಕೊರತೆಯನ್ನು ನನ್ನ ಮಟ್ಟಿಗೆ ಎತ್ತಿ ತೋರಿಸಿತು. ಅದನ್ನು ಕ್ರೀಡಾ ಆಡಳಿತದ ಸುದ್ದಿಯಾಗಿ, ರಾಜಕೀಯದ ಸುದ್ದಿಯಾಗಿ, ಅಪರಾಧದ ಸುದ್ದಿಯಾಗಿ ಸಾಕಷ್ಟು ಚರ್ಚಿಸಲಾಗಿದೆ. ಆದರೆ ಅದು ಗರಡಿಯಿಂದ ಬೀದಿಗೆ ಬಂದ ಜಗಳವೂ ಹೌದು. ಗರಡಿಯನ್ನು ಅಧ್ಯಯನದ ವಸ್ತುವಾಗಿ ಇಟ್ಟುಕೊಂಡ ಶಾಸ್ತ್ರವು ಈ ಜಗಳದ ಬಗ್ಗೆ ಮೌನವಾಗಿರುವುದು ಸರಿಯಲ್ಲ. ಪ್ರಸ್ತುತ ಲೇಖನವು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದ ಕುಸ್ತಿ ಪರಂಪರೆಯ ಹಿನ್ನೆಲೆಯಲ್ಲಿ ಆ ಪ್ರತಿಭಟನೆಯ ಭಾಷೆ ಮತ್ತು ಆಚರಣೆಗಳನ್ನು ಪರಿಶೀಲಿಸುತ್ತದೆ.

ಈ ನಾಲ್ಕೂ ಸ್ಥಳಗಳು ಇಂದು ಒಂದೇ ಜಿಲ್ಲೆಯಲ್ಲಿವೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಗದಗ ಜಿಲ್ಲೆ ರಚನೆಯಾಯಿತು. ಆದರೆ ಸ್ವಾತಂತ್ರ್ಯಪೂರ್ವದಲ್ಲಿ ಇವು ಒಂದೇ ಆಡಳಿತದಲ್ಲಿ ಇರಲಿಲ್ಲ. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಗದಗ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಪಟವರ್ಧನ ಮನೆತನದ ಈ ಸಂಸ್ಥಾನಗಳ ನೆರೆಯಲ್ಲಿಯೇ ಕೊಲ್ಲಾಪುರವಿತ್ತು. ಅಲ್ಲಿ ಶಾಹೂ ಮಹಾರಾಜರು ಕುಸ್ತಿಗೆ ನೀಡಿದ ಆಶ್ರಯ, 1912ರಲ್ಲಿ ಸಿದ್ಧವಾದ ಖಾಸಬಾಗ ಮೈದಾನ, ಇವು ಕೃಷ್ಣೆಯಿಂದ ತುಂಗಭದ್ರೆಯವರೆಗಿನ ಕುಸ್ತಿಯ ನಕ್ಷೆಯನ್ನು ರೂಪಿಸಿದವು. ನಮ್ಮ ಭಾಗದ ಕುಸ್ತಿಯ ಪದಕೋಶವನ್ನು ನೋಡಿದರೆ ಸಾಕು: ತಾಲೀಮು, ವಸ್ತಾದ, ಪೈಲವಾನ, ಅಖಾಡ, ಜಂಗಿ, ನಿಕಾಲಿ, ಸವಾಲು. ಅರಬ್ಬಿ, ಫಾರಸಿ, ಮರಾಠಿಗಳ ಮೂಲಕ ಹರಿದು ಬಂದ ಈ ಶಬ್ದಗಳ ನಡುವೆ ಗರಡಿ, ಸಾಮು, ಕೆಮ್ಮಣ್ಣು ಎಂಬ ಕನ್ನಡದ ಮಾತುಗಳು ಯಾವ ಜಗಳವೂ ಇಲ್ಲದೆ ಕುಳಿತಿವೆ. ಗೋಡೆಯ ಮೇಲೆ ಹನುಮಪ್ಪನ ಪಟ, ಅದರ ಕೆಳಗೆ ಮುಸಲ್ಮಾನ ವಸ್ತಾದ ಎಂಬುದು ಇಲ್ಲಿ ಆಶ್ಚರ್ಯದ ದೃಶ್ಯವಾಗಿರಲಿಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠ ಮತ್ತು ಲಕ್ಷ್ಮೇಶ್ವರದ ದೂದಪೀರಾಂ ದರ್ಗಾಗಳ ಸೀಮೆಯಲ್ಲಿ ಅದು ಸಹಜವೇ.

ಗರಡಿಯ ಈ ಔದಾರ್ಯವನ್ನು ನಾವು ಮತ್ತೆ ಮತ್ತೆ ಬರೆದಿದ್ದೇವೆ; ಬರೆಯಬೇಕಾದದ್ದೇ. ಆದರೆ ಜಾತಿ ಧರ್ಮಗಳ ವಿಷಯದಲ್ಲಿ ಕೆಲಮಟ್ಟಿಗೆ ಸಡಿಲವಾಗಿದ್ದ ಅದೇ ಹೊಸ್ತಿಲು ಹೆಣ್ಣಿನ ವಿಷಯದಲ್ಲಿ ಸಡಿಲವಾಗಿರಲಿಲ್ಲ. ಪಿಎಚ್.ಡಿ. ಕ್ಷೇತ್ರಕಾರ್ಯದ ದಿನಗಳಲ್ಲಿ ಈ ಭಾಗದ ಒಂದು ಊರಿನ ಗರಡಿಯನ್ನು ನೋಡಲು ಹೋದಾಗ ನನ್ನನ್ನು ಬಾಗಿಲಲ್ಲೇ ನಿಲ್ಲಿಸಲಾಯಿತು. ಹನುಮಪ್ಪ ಬ್ರಹ್ಮಚಾರಿ, ಹೆಣ್ಣುಮಕ್ಕಳು ಮಣ್ಣು ತುಳಿಯುವಂತಿಲ್ಲ ಎಂದು ಹಿರಿಯರೊಬ್ಬರು ಸೌಜನ್ಯದಿಂದಲೇ ಹೇಳಿದರು. ಹೊರಗೆ ಕಟ್ಟೆಯ ಮೇಲೆ ಚಾಪೆ ಹಾಸಿ, ಚಹಾ ಕೊಟ್ಟು, ಕೇಳಿದ್ದಕ್ಕೆಲ್ಲ ಉತ್ತರಿಸಿದರು. ಒಳಗಿನ ಮಣ್ಣಿನ ಅಳತೆ, ಅದಕ್ಕೆ ಬೆರೆಸುವ ಎಣ್ಣೆ, ಮಜ್ಜಿಗೆ, ಅರಿಸಿನಗಳ ವಿವರವನ್ನು ನಾನು ಕಟ್ಟೆಯ ಮೇಲೆ ಕುಳಿತೇ ಬರೆದುಕೊಂಡೆ. ನನ್ನ ಮಹಾಪ್ರಬಂಧದಲ್ಲಿ ಈ ಪ್ರಸಂಗ ಒಂದು ವಾಕ್ಯವಾಯಿತು: ‘ಗರಡಿಯ ಪಾವಿತ್ರ್ಯದ ದೃಷ್ಟಿಯಿಂದ ಮಹಿಳೆಯರಿಗೆ ಪ್ರವೇಶ ನಿಷಿದ್ಧವಾಗಿದೆ.’ ಯಾರು ನಿಷೇಧಿಸಿದರು, ಯಾವಾಗಿನಿಂದ, ಯಾರಾದರೂ ಅದನ್ನು ಮೀರಿದ್ದುಂಟೇ ಎಂದು ನಾನು ಕೇಳಲಿಲ್ಲ. ಪರೀಕ್ಷಕರೂ ಕೇಳಲಿಲ್ಲ.

ಮೀರಿದ್ದುಂಟು ಎಂಬುದಕ್ಕೆ ಪುರಾವೆಯನ್ನು ದೂರ ಹುಡುಕಬೇಕಾಗಿಲ್ಲ. 1950ರ ದಶಕದಲ್ಲಿ ಅಲೀಗಢದ ಹಮೀದಾ ಬಾನು ಗಂಡಸರಿಗೆ ಸವಾಲು ಹಾಕಿ ಕುಸ್ತಿ ಆಡುತ್ತಿದ್ದರು. 1954ರಲ್ಲಿ ಮುಂಬಯಿಯಲ್ಲಿ ರಷ್ಯಾದ ವೇರಾ ಚಿಸ್ಟಿಲಿನ್ ಎಂಬ ಮಹಿಳಾ ಕುಸ್ತಿಪಟುವನ್ನು ಒಂದು ನಿಮಿಷದೊಳಗೆ ಸೋಲಿಸಿದರೆಂದು ಅಂದಿನ ವರದಿಗಳು ಹೇಳುತ್ತವೆ. ಕೊಲ್ಲಾಪುರದಲ್ಲಿ ಅವರು ಗಂಡಸೊಬ್ಬನನ್ನು ಸೋಲಿಸಿದಾಗ ಪ್ರೇಕ್ಷಕರು ಕಲ್ಲು ತೂರಿದರು. ಪುಣೆಯಲ್ಲಿ ಗಂಡು ಪೈಲವಾನನೊಂದಿಗೆ ನಿಗದಿಯಾಗಿದ್ದ ಪಂದ್ಯವು ಸ್ಥಳೀಯ ಕುಸ್ತಿ ಸಂಘದ ವಿರೋಧದಿಂದ ರದ್ದಾಯಿತು. ಕುಸ್ತಿ ಮತ್ತು ಸಾರ್ವಜನಿಕ ಪ್ರತಿಭಟನೆಯ ಸಂಬಂಧಕ್ಕೆ ನಮ್ಮ ನೆರೆಯಲ್ಲಿಯೇ ಸಿಗುವ ಹಳೆಯ ಉದಾಹರಣೆ ಇದು. ಅಲ್ಲಿ ಪ್ರತಿಭಟಿಸಿದವರು ಗಂಡಸರು, ಪ್ರತಿಭಟನೆಯ ಗುರಿ ಕಣಕ್ಕಿಳಿದ ಹೆಣ್ಣು. ಎಪ್ಪತ್ತು ವರ್ಷಗಳ ನಂತರ ದಿಕ್ಕು ಬದಲಾಯಿತು.

ಘಟನಾವಳಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2023ರ ಜನವರಿ 18ರಂದು ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ ಮೊದಲಾದವರು ಭಾರತೀಯ ಕುಸ್ತಿ ಒಕ್ಕೂಟದ ಅಂದಿನ ಅಧ್ಯಕ್ಷ ಬ್ರಿಜ್ ಭೂಷಣ್ ಶರಣ್ ಸಿಂಗ್ ಅವರ ವಿರುದ್ಧ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಧರಣಿ ಕುಳಿತರು. ವಿಚಾರಣಾ ಸಮಿತಿ ರಚನೆಯಾಯಿತು. ತೃಪ್ತಿಯಾಗದೆ ಏಪ್ರಿಲ್ 23ರಿಂದ ಮತ್ತೆ ಕುಳಿತರು. ಏಳು ಮಂದಿ ಮಹಿಳಾ ಕುಸ್ತಿಪಟುಗಳು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, ಏಪ್ರಿಲ್ 28ರಂದು ದೆಹಲಿ ಪೊಲೀಸರು ಪ್ರಕರಣ ದಾಖಲಿಸಿದರು. ಮೇ 28ರಂದು, ಹೊಸ ಸಂಸತ್ ಭವನದ ಉದ್ಘಾಟನೆಯ ದಿನ, ಅದರ ಕಡೆಗೆ ಮೆರವಣಿಗೆ ಹೊರಟವರನ್ನು ಪೊಲೀಸರು ಎಳೆದು ವಾಹನಕ್ಕೆ ಹಾಕಿದರು. ಜೂನ್ 15ರಂದು ದೋಷಾರೋಪಪಟ್ಟಿ ಸಲ್ಲಿಕೆಯಾಯಿತು. ಆರೋಪಗಳನ್ನು ಅವರು ಮೊದಲಿನಿಂದಲೂ ನಿರಾಕರಿಸಿದ್ದಾರೆ. 2024ರ ಮೇ ತಿಂಗಳಲ್ಲಿ ದೆಹಲಿಯ ನ್ಯಾಯಾಲಯ ದೋಷಾರೋಪ ನಿಗದಿಗೊಳಿಸಿತು. ಅಪ್ರಾಪ್ತ ವಯಸ್ಸಿನ ಕುಸ್ತಿಪಟುವಿನ ಪ್ರತ್ಯೇಕ ಪ್ರಕರಣವನ್ನು ಮುಕ್ತಾಯಗೊಳಿಸುವ ಪೊಲೀಸ್ ವರದಿಯನ್ನು 2025ರ ಮೇ ತಿಂಗಳಲ್ಲಿ ಅಂಗೀಕರಿಸಲಾಯಿತು. ಸತ್ಯಾಸತ್ಯಗಳ ನಿರ್ಣಯ ನ್ಯಾಯಾಲಯದ್ದು. ನನ್ನ ಆಸಕ್ತಿ ಇರುವುದು ಆ ಹೆಣ್ಣುಮಕ್ಕಳು ಮಾತನಾಡಿದ ರೀತಿ ಮತ್ತು ಸಮಾಜ ಅದನ್ನು ಕೇಳಿಸಿಕೊಂಡ ರೀತಿಗಳಲ್ಲಿ.

ಧರಣಿ ಆರಂಭವಾದಾಗ ಬಂದ ಆಕ್ಷೇಪಗಳಲ್ಲಿ ಒಂದು ಮಾತು ಬಹಳ ಸಲ ಮರುಕಳಿಸಿತು. ಒಕ್ಕೂಟದೊಳಗೆ, ಸಮಿತಿಯೊಳಗೆ ಹೇಳಿಕೊಳ್ಳಬೇಕಾದದ್ದನ್ನು ಬೀದಿಯಲ್ಲಿ ಹೇಳಿ ದೇಶದ ಹೆಸರಿಗೆ ಧಕ್ಕೆ ತಂದರು ಎಂಬುದು ಆ ಮಾತಿನ ಸಾರ. ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ ಪಿ.ಟಿ. ಉಷಾ ಅವರೂ 2023ರ ಏಪ್ರಿಲ್ ಕೊನೆಯಲ್ಲಿ ಇದೇ ಅರ್ಥದ ಮಾತನಾಡಿ, ಕೆಲವು ದಿನಗಳ ಮೇಲೆ ಧರಣಿಯ ಸ್ಥಳಕ್ಕೆ ಹೋಗಿ ಅವರನ್ನು ಕಂಡರು. ಈ ಆಕ್ಷೇಪವು ಆಧುನಿಕ ಆಡಳಿತದ ಭಾಷೆಯನ್ನು ತೊಟ್ಟಿದ್ದರೂ ಅದರ ಒಡಲು ಹಳೆಯದು. ‘ಮನೆ ರಂಪ ಬೀದಿ ರಂಪ’ ಎಂಬ ಮಾತನ್ನು ಕನ್ನಡದಲ್ಲಿ ಯಾರ ಬಗ್ಗೆ ಹೆಚ್ಚಾಗಿ ಬಳಸುತ್ತೇವೆ? ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಕಚೇರಿ ಹತ್ತಿದರೆ ಅದು ವ್ಯಾಜ್ಯ. ಸೊಸೆ ಹೊಸ್ತಿಲು ದಾಟಿ ಮಾತನಾಡಿದರೆ ಅದು ರಂಪ. ಒಕ್ಕೂಟವನ್ನು ‘ಕುಸ್ತಿ ಪರಿವಾರ’ ಎಂದು ಕರೆಯುವಾಗ, ಆ ಕ್ರೀಡಾಪಟುಗಳನ್ನು ‘ದೇಶದ ಹೆಣ್ಣುಮಕ್ಕಳು’ ಎಂದು ಕರೆಯುವಾಗ, ಸಂಸ್ಥೆಯು ಮನೆಯಾಗುತ್ತದೆ, ಅಧಿಕಾರಿ ಹಿರಿಯನಾಗುತ್ತಾನೆ, ದೂರು ರಂಪವಾಗುತ್ತದೆ. ಪ್ರೀತಿಯ ಸಂಬೋಧನೆಯೊಳಗೆ ಇಂಥ ಕಟ್ಟುಪಾಡು ಇರುತ್ತದೆ ಎಂಬುದನ್ನು ಗರತಿಯ ಹಾಡುಗಳನ್ನು ಓದಿದವರಿಗೆ ವಿವರಿಸಬೇಕಾಗಿಲ್ಲ.

ಗರತಿಯ ಹಾಡಿನ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಬೀಸುವ ಪದ, ಕುಟ್ಟುವ ಪದಗಳಲ್ಲಿ ಹೆಣ್ಣಿನ ಪ್ರತಿಭಟನೆಯ ಧ್ವನಿಯಿದೆ ಎಂದು ಕಳೆದ ಕೆಲವು ದಶಕಗಳ ಸ್ತ್ರೀವಾದಿ ಜಾನಪದ ವಿಮರ್ಶೆ ತೋರಿಸಿಕೊಟ್ಟಿದೆ. ಅದು ನಿಜವಾದ ಸಾಧನೆ. ಆದರೆ ಆ ಧ್ವನಿಗೆ ದೊರೆತ ಪರವಾನಗಿಯ ಷರತ್ತುಗಳನ್ನು ನಾವು ಸಾಕಷ್ಟು ಗಮನಿಸಲಿಲ್ಲ. ಅದು ನಸುಕಿನಲ್ಲಿ, ಬೀಸುಕಲ್ಲಿನ ಸದ್ದಿನ ಮರೆಯಲ್ಲಿ, ಅತ್ತೆಯ ಹೆಸರು ಹೇಳದೆ, ಕೆಲಸ ನಿಲ್ಲಿಸದೆ ಹಾಡಬೇಕಾದ ದೂರು. ಬೀಸುವುದು ನಿಂತರೆ ಹಾಡಿಗೂ ಪರವಾನಗಿ ನಿಲ್ಲುತ್ತದೆ. ಮೊಹರಂ ಸಂದರ್ಭದ ರಿವಾಯತ್, ಡೋಲಿಯ ಹಾಡು, ಜೋಕುಮಾರನ ಹಾಡುಗಳಲ್ಲಿಯೂ ಬೈಯುವ, ಅಣಕಿಸುವ ಸ್ವಾತಂತ್ರ್ಯವಿದೆ. ಅದು ತಿಥಿ ಮುಗಿಯುವವರೆಗೆ ಮಾತ್ರ. ಜಂತರ್ ಮಂತರ್‌ನಲ್ಲಿ ನಡೆದದ್ದು ಈ ಎರಡೂ ಷರತ್ತುಗಳ ಉಲ್ಲಂಘನೆ. ಅವರು ಹೆಸರು ಹಿಡಿದು ಹೇಳಿದರು. ಕೆಲಸವನ್ನು, ಅಂದರೆ ಅಭ್ಯಾಸವನ್ನು, ನಿಲ್ಲಿಸಿ ಹೇಳಿದರು. ಆದುದರಿಂದ ಆ ಧರಣಿಯನ್ನು ನಮ್ಮ ಹೆಣ್ಣುಮಕ್ಕಳ ಹಾಡುಗಳ ಸಹಜ ಮುಂದುವರಿಕೆ ಎಂದು ಕರೆಯಲು ನನಗೆ ಸಂಕೋಚವಿದೆ. ಹಾಗೆ ಕರೆಯುವುದು ಅಧ್ಯಯನಕಾರರಿಗೆ ಅನುಕೂಲಕರ, ಕುಳಿತವರಿಗೆ ಅನ್ಯಾಯ.

ಮೇ 30ರ ಸಂಜೆ ಹರಿದ್ವಾರದ ಹರ್ ಕಿ ಪೌಡಿಯಲ್ಲಿ ನಡೆದದ್ದು ಜಾನಪದದ ದೃಷ್ಟಿಯಿಂದ ಈ ಪ್ರಕರಣದ ಅತ್ಯಂತ ಗಹನವಾದ ಘಳಿಗೆ. ಪದಕಗಳನ್ನು ಗಂಗೆಗೆ ಬಿಡುತ್ತೇವೆ ಎಂದು ಹೇಳಿ ಅವರು ಅಲ್ಲಿಗೆ ಹೋದರು. ಜನ ಸೇರಿದರು. ರೈತ ನಾಯಕ ನರೇಶ್ ಟಿಕಾಯತ್ ಬಂದು, ಐದು ದಿನಗಳ ಅವಕಾಶ ಕೇಳಿ, ಪದಕಗಳನ್ನು ತಮ್ಮ ಕೈಗೆ ತೆಗೆದುಕೊಂಡರು. ಪದಕ ನೀರಿಗೆ ಬೀಳಲಿಲ್ಲ. ಇದನ್ನು ನಾಟಕ ಎಂದು ಗೇಲಿ ಮಾಡಿದವರಿದ್ದರು. ನಮ್ಮ ಭಾಗದಲ್ಲಿ ದೇವರನ್ನು ಹೊಳೆಗೆ ಕರೆದೊಯ್ಯುವುದು, ಅಲಾಯಿ ದೇವರನ್ನು ಕಳಿಸುವುದು, ಗುಳ್ಳವ್ವನನ್ನು ನೀರಿಗೆ ಬಿಡುವುದು ಇವೆಲ್ಲ ಒಂದೇ ಬಗೆಯವಲ್ಲ. ಕೆಲವು ಸಲ ನೀರಿಗೆ ಒಯ್ದದ್ದು ಶುದ್ಧವಾಗಿ ಮರಳಿ ಬರುತ್ತದೆ, ಕೆಲವು ಸಲ ಮರಳುವುದಿಲ್ಲ. ಯಾವುದು ಮರಳಬೇಕು ಎಂಬುದನ್ನು ಆಚರಣೆ ಮೊದಲೇ ಗೊತ್ತುಮಾಡಿರುತ್ತದೆ. ಹರಿದ್ವಾರದಲ್ಲಿ ಅದು ಗೊತ್ತಿರಲಿಲ್ಲ. ಬಿಡುತ್ತಾರೋ ಇಲ್ಲವೋ ಎಂಬ ಅನಿಶ್ಚಯವೇ ಜನರನ್ನು ನಿಲ್ಲಿಸಿತು. ಮುಖ್ಯವಾದದ್ದೆಂದರೆ, ಒಲಿಂಪಿಕ್ ಸಂಸ್ಥೆ ನೀಡಿದ ಲೋಹದ ಬಿಲ್ಲೆಯು ಆ ಸಂಜೆ ಅಲ್ಲಿದ್ದವರಿಗೆ ಅಸ್ಥಿಯಂತೆ ಕಂಡಿತು. ಹಾಗೆ ಕಾಣಿಸಿದ್ದು ಸಂಸ್ಥೆಯಲ್ಲ, ಆ ಮೂವರ ಅಳು.

ಇದಕ್ಕೆ ಹೊರಗಿನ ಸಮಾಂತರವೊಂದಿದೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮುಹಮ್ಮದ್ ಅಲಿ, ಬಿಳಿಯರ ಉಪಾಹಾರಗೃಹವೊಂದರಲ್ಲಿ ಅವಮಾನಿತರಾಗಿ, ಪದಕವನ್ನು ಓಹಾಯೋ ನದಿಗೆ ಎಸೆದರೆಂಬ ಕಥೆ 1975ರ ಅವರ ಆತ್ಮಕಥೆಯಲ್ಲಿದೆ. ಅದು ನಡೆದೇ ಇಲ್ಲ, ಪದಕ ಕಳೆದುಹೋಗಿತ್ತು ಎಂಬ ಮಾತೂ ಆಮೇಲೆ ಬಂತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅವರಿಗೆ ಬದಲಿ ಪದಕ ನೀಡಲಾಯಿತು. ನಡೆಯಿತೋ ಇಲ್ಲವೋ, ಕಥೆ ಉಳಿಯಿತು. ಐತಿಹ್ಯಗಳ ಅಧ್ಯಯನ ಮಾಡುವವರಿಗೆ ಇದು ಪರಿಚಿತ ಸಂಗತಿ. ಪದಕವನ್ನು ನದಿಗೆ ಎಸೆಯುವ ಆಶಯ ದೇಶಗಳನ್ನು ದಾಟಿ ಸಂಚರಿಸುತ್ತಿದೆ.

ಕ್ರೀಡೆಯಲ್ಲಿ ರಾಜಕೀಯ ಬೇಡ ಎಂಬ ಉಪದೇಶವನ್ನು ಕುರಿತು ಒಂದೆರಡು ಮಾತು. 1974ರಲ್ಲಿ ಭಾರತದ ಟೆನಿಸ್ ತಂಡ ಡೇವಿಸ್ ಕಪ್ ಅಂತಿಮ ಹಂತ ತಲುಪಿತ್ತು. ಎದುರಾಳಿ ದಕ್ಷಿಣ ಆಫ್ರಿಕ. ವರ್ಣಭೇದ ನೀತಿಯನ್ನು ವಿರೋಧಿಸಿ ಭಾರತ ಆಡಲು ನಿರಾಕರಿಸಿತು, ಕಪ್ ದಕ್ಷಿಣ ಆಫ್ರಿಕದ ಪಾಲಾಯಿತು. ಅದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. 1991ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕದ ಕ್ರಿಕೆಟ್ ತಂಡ ಬಹಿಷ್ಕಾರದಿಂದ ಹೊರಬಂದು ಮೊದಲು ಆಡಿದ್ದು ಕಲಕತ್ತೆಯಲ್ಲಿ. ಅದೇ ದೇಶದ ವಿರುದ್ಧ 1999ರಲ್ಲಿ ನೈರೋಬಿಯಲ್ಲಿ ನಮ್ಮ ಗದಗಿನ ಸುನೀಲ ಜೋಶಿ ಹತ್ತು ಓವರುಗಳಲ್ಲಿ ಆರು ರನ್ ನೀಡಿ ಐದು ವಿಕೆಟ್ ಪಡೆದಾಗ ಊರು ಸಂಭ್ರಮಿಸಿತು; ಆ ಪಂದ್ಯದ ಹಿಂದೆ ಎರಡು ದಶಕಗಳ ಬಹಿಷ್ಕಾರವಿತ್ತು, ಅದು ಸಡಿಲವಾದದ್ದರಿಂದಲೇ ಆ ಎದುರಾಳಿಗಳು ಅಲ್ಲಿದ್ದರು ಎಂಬುದು ಯಾರ ಮನಸ್ಸಿಗೂ ಬರಲಿಲ್ಲ. ಪ್ರಭುತ್ವವು ಆಟದ ಮೂಲಕ ಪ್ರತಿಭಟಿಸಿದರೆ ಅದು ನೀತಿ. 1968ರಲ್ಲಿ ಮೆಕ್ಸಿಕೊದ ಗೌರವ ವೇದಿಕೆಯಲ್ಲಿ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಕೈ ಎತ್ತಿದಾಗ, ಅಥವಾ 2023ರಲ್ಲಿ ಆಟಗಾರ್ತಿಯರು ಬೀದಿಯಲ್ಲಿ ಕುಳಿತಾಗ, ಅದು ಅಶಿಸ್ತು. ಈ ತಾರತಮ್ಯಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಡ.

ಹಾಗೆಂದು ಪ್ರತಿಭಟನಾಕಾರರ ಎಲ್ಲ ನಡೆಗಳನ್ನೂ ಸಮರ್ಥಿಸುವ ಹೊಣೆ ವಿಮರ್ಶೆಗಿಲ್ಲ. 2023ರ ಜುಲೈನಲ್ಲಿ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟಕ್ಕೆ ವಿನೇಶ್ ಮತ್ತು ಬಜರಂಗ್ ಇಬ್ಬರಿಗೂ ಆಯ್ಕೆ ಪಂದ್ಯಗಳಿಂದ ವಿನಾಯಿತಿ ನೀಡಲಾಯಿತು. ಹದಿನೆಂಟರ ಹರೆಯದ ಅಂತಿಮ್ ಪಂಘಾಲ್ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋದರು. ಅರ್ಜಿ ವಜಾ ಆಯಿತು. ಗರಡಿಯ ನ್ಯಾಯಕ್ಕೆ ಇದು ಸರಿಹೊಂದುವುದಿಲ್ಲ. ಜಾತ್ರೆಯ ಮೈದಾನದಲ್ಲಿ ಎಷ್ಟೇ ಹೆಸರಾದ ಪೈಲವಾನನಾದರೂ, ಸವಾಲು ಬಂದಾಗ ಇಳಿಯಲೇಬೇಕು. ಇಳಿಯದವನ ಮುಂದೆ ಹಲಗಿ ಬಾರಿಸುವುದಿಲ್ಲ. ಗಾಯದಿಂದ ವಿನೇಶ್ ಹಿಂದೆ ಸರಿದು, ಅಂತಿಮ್ ಹಾಂಗ್‌ಝೌಗೆ ಹೋಗಿ ಕಂಚು ತಂದರು. ಬಜರಂಗ್ ಬರಿಗೈಯಲ್ಲಿ ಬಂದರು. ಕಿರಿಯಳ ಸವಾಲನ್ನು ಸ್ವೀಕರಿಸಿದ್ದರೆ ಧರಣಿಯ ನೈತಿಕ ಬಲ ಹೆಚ್ಚುತ್ತಿತ್ತು ಎಂದೇ ನನ್ನ ಅಭಿಪ್ರಾಯ. ಇದೇ ಅವಧಿಯಲ್ಲಿ, ಒಕ್ಕೂಟದ ಚುನಾವಣೆ ಸಕಾಲಕ್ಕೆ ನಡೆಯದ ಕಾರಣ ವಿಶ್ವ ಕುಸ್ತಿ ಸಂಸ್ಥೆಯು ಆಗಸ್ಟ್‌ನಲ್ಲಿ ಭಾರತೀಯ ಒಕ್ಕೂಟವನ್ನು ಅಮಾನತಿನಲ್ಲಿಟ್ಟಿತು. ಸೆಪ್ಟೆಂಬರ್‌ನಲ್ಲಿ ಬೆಲ್‌ಗ್ರೇಡ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಮ್ಮವರು ದೇಶದ ಧ್ವಜವಿಲ್ಲದೆ ಆಡಿದರು. ನಿಶಾನಿಯಿಲ್ಲದ ಜಾತ್ರೆ ಎಂದರೆ ಏನೆಂದು ನಮ್ಮ ಭಾಗದವರಿಗೆ ಗೊತ್ತು. ಆ ಅವಮಾನಕ್ಕೆ ಕಾರಣ ಧರಣಿ ಕುಳಿತವರೇ ಎಂದು ಹೇಳಿದವರು, ಚುನಾವಣೆ ನಡೆಸದವರನ್ನು ಮರೆತರು.

ಡಿಸೆಂಬರ್ 21ರಂದು ಚುನಾವಣೆ ನಡೆದು ಹಿಂದಿನ ಅಧ್ಯಕ್ಷರ ಆಪ್ತರೇ ಗೆದ್ದಾಗ, ಸಾಕ್ಷಿ ಮಲಿಕ್ ತಮ್ಮ ಕುಸ್ತಿಯ ಬೂಟುಗಳನ್ನು ಮೇಜಿನ ಮೇಲಿಟ್ಟು ಕುಸ್ತಿಯನ್ನು ತೊರೆದರು. ಬಜರಂಗ್ ಪದ್ಮಶ್ರೀಯನ್ನು ಪಾದಚಾರಿ ಮಾರ್ಗದ ಮೇಲೆ ಬಿಟ್ಟು ಬಂದರು. ವಿನೇಶ್ ಖೇಲ್ ರತ್ನ ಮತ್ತು ಅರ್ಜುನ ಪ್ರಶಸ್ತಿಗಳನ್ನು ಅಲ್ಲಿಯೇ ಇಟ್ಟರು. ಎಂಟು ತಿಂಗಳ ನಂತರ ಪ್ಯಾರಿಸ್.

2024ರ ಆಗಸ್ಟ್ 6ರಂದು ವಿನೇಶ್ 50 ಕಿಲೋ ವಿಭಾಗದಲ್ಲಿ, ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಅದುವರೆಗೆ ಸೋಲನ್ನೇ ಕಾಣದಿದ್ದ ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿದರು. ಅದೇ ದಿನ ಇನ್ನೆರಡು ಪಂದ್ಯ ಗೆದ್ದು ಅಂತಿಮ ಹಂತಕ್ಕೆ ತಲುಪಿದರು. ಮರುದಿನ ಬೆಳಿಗ್ಗೆಯ ತೂಕದಲ್ಲಿ 100 ಗ್ರಾಂ ಹೆಚ್ಚಾಯಿತು. ಎರಡನೆಯ ದಿನವೂ ತೂಗಬೇಕು, ಮೀರಿದವರನ್ನು ಕೊನೆಯ ಸ್ಥಾನದಲ್ಲಿಡಬೇಕು ಎಂಬ ನಿಯಮದಂತೆ ಅವರಿಗೆ ಏನೂ ದಕ್ಕಲಿಲ್ಲ. ಬೆಳ್ಳಿಯನ್ನು ಹಂಚಿಕೊಡಿ ಎಂಬ ಮೇಲ್ಮನವಿಯನ್ನು ಕ್ರೀಡಾ ನ್ಯಾಯಮಂಡಳಿ ಆಗಸ್ಟ್ 14ರಂದು ತಳ್ಳಿಹಾಕಿತು.

ಈ ಸುದ್ದಿ ಬಂದ ದಿನ ನಮ್ಮ ಕಡೆ ಕೇಳಿಬಂದ ಮೊದಲ ಪ್ರತಿಕ್ರಿಯೆ ಸಂಚಿನ ಶಂಕೆ. ಅದಕ್ಕೆ ಆಧಾರವಿಲ್ಲ, ನಿಯಮ ಮೊದಲಿನಿಂದ ಇತ್ತು, ಎಲ್ಲ ದೇಶಗಳಿಗೂ ಒಂದೇ ಇತ್ತು. ಆದರೆ ಆ ಶಂಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದೂ ಸುಲಭದ ಮಾತು. ದೂರು ಕೊಟ್ಟ ಮನೆಯಿಂದಲೇ ಆಡಲು ಹೋದವಳಿಗೆ ಏನಾದರೂ ಆಗಿಯೇ ಆಗುತ್ತದೆ ಎಂಬ ನಿರೀಕ್ಷೆ ಜನರಲ್ಲಿ ಮೊದಲೇ ಇತ್ತು. ತಕ್ಕಡಿ ಆ ನಿರೀಕ್ಷೆಗೆ ಸಿಕ್ಕ ವಸ್ತು. ಇನ್ನೊಂದು ಕಾರಣ ಮಣ್ಣಿನ ಕುಸ್ತಿಯಲ್ಲಿದೆ. ಜಾತ್ರೆಯ ಮೈದಾನದಲ್ಲಿ ತಕ್ಕಡಿಯಿಲ್ಲ. ಹಿರಿಯರು ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿ, ಮೈಕಟ್ಟು ನೋಡಿ, ಹಿಂದಿನ ಕುಸ್ತಿಗಳನ್ನು ನೆನೆದು ‘ಜೋಡಿ’ ಹಚ್ಚುತ್ತಾರೆ. ತೆಂಗಿನಕಾಯಿಗಾಗಿ ಆಡುವ ಹುಡುಗರಿಂದ ಬೆಳ್ಳಿಯ ಗದೆಯವರೆಗೆ ಇದೇ ಪದ್ಧತಿ. ತಪ್ಪು ಜೋಡಿ ಹಚ್ಚಿದರೆ ಜನ ಕೂಗಿ ನಿಲ್ಲಿಸುತ್ತಾರೆ, ಪಂಚರು ಇಳಿದು ಬದಲಿಸುತ್ತಾರೆ. ಆ ಪದ್ಧತಿಯಲ್ಲಿ ಪಕ್ಷಪಾತಕ್ಕೆ ಬೇಕಾದಷ್ಟು ಅವಕಾಶವಿದೆ, ಅದನ್ನು ನಾನು ಆದರ್ಶವೆಂದು ಹೇಳಲಾರೆ. ಆದರೆ ಅಲ್ಲಿ ನಿರ್ಣಯ ಮಾಡಿದವನ ಮುಖ ಕಾಣುತ್ತದೆ, ಅವನನ್ನು ಕೇಳಬಹುದು. 100 ಗ್ರಾಂ ಎಂಬುದಕ್ಕೆ ಮುಖವಿಲ್ಲ. ಎದುರಿಗೆ ಮುಖವಿಲ್ಲದಲ್ಲಿ ಜನ ಒಂದು ಮುಖವನ್ನು ಕಲ್ಪಿಸಿಕೊಳ್ಳುತ್ತಾರೆ.

ಈ ಸೀಮೆಗೆ ಪ್ರತಿಭಟನೆ ಹೊಸದಲ್ಲ. 1857–58ರ ಮುಂಡರಗಿ ಭೀಮರಾಯನ ಬಂಡಾಯವನ್ನು ಇಲ್ಲಿನ ಜನ ಇಂದಿಗೂ ನೆನೆಯುತ್ತಾರೆ. ಅದೇ ಕಾಲದ ಹಲಗಲಿಯ ಬೇಡರು ಆಯುಧ ಒಪ್ಪಿಸಬೇಕೆಂಬ ಕಾನೂನಿನ ವಿರುದ್ಧ ಎದ್ದ ಕಥೆ ಲಾವಣಿಯಾಗಿ, ಫ್ಲೀಟ್ ಅವರ ಸಂಗ್ರಹದ ಮೂಲಕ ವಿದ್ವತ್ ಲೋಕಕ್ಕೂ ತಲುಪಿತು. ಹತ್ತಿರದ ಕಾಲದಲ್ಲಿ, 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಕೊರಿಯದ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಸ್ವಾಧೀನವನ್ನು ವಿರೋಧಿಸಿ, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ನಡೆದ ಚಳವಳಿ ಸರ್ಕಾರವನ್ನು ಹಿಂದೆಗೆಸಿತು. ಆಮೇಲೆ ಕಪ್ಪತಗುಡ್ಡಕ್ಕಾಗಿ ಧರಣಿಯಾಯಿತು. ಈ ಹೋರಾಟಗಳಲ್ಲಿ ಹೆಣ್ಣುಮಕ್ಕಳು ರೊಟ್ಟಿ ಕಟ್ಟಿಕೊಂಡು ಬಂದು ಕುಳಿತರು. ಯಾರೂ ಅದನ್ನು ರಂಪ ಎನ್ನಲಿಲ್ಲ. ನೆಲಕ್ಕಾಗಿ, ನೀರಿಗಾಗಿ, ಗುಡ್ಡಕ್ಕಾಗಿ ಹೆಣ್ಣು ಬೀದಿಗೆ ಬರುವುದು ಮಾನ್ಯ. ತನ್ನ ಮೈಗಾಗಿ ಬಂದಾಗ ಪ್ರಶ್ನೆ ಏಳುತ್ತದೆ. ಈ ವ್ಯತ್ಯಾಸವನ್ನು ಚಳವಳಿಗಳ ಅಧ್ಯಯನವೂ ಗುರುತಿಸಬೇಕಾಗಿದೆ.

ಬೆಟಗೇರಿಯ ವೀರಗಲ್ಲುಗಳ ಎದುರು ನಿಂತಾಗ ನನಗೆ ಈ ಪ್ರಕರಣ ಬೇರೆ ರೀತಿಯಲ್ಲಿ ನೆನಪಾಗುತ್ತದೆ. ವೀರಗಲ್ಲಿನ ಸಾಮಾನ್ಯ ವಿನ್ಯಾಸದಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಕೈಲಾಸ. ಕೆಳಗಿನ ಪಟ್ಟಿಕೆಯಿಲ್ಲದೆ ಮೇಲಿನದಕ್ಕೆ ಅರ್ಥವಿಲ್ಲ. ತುರು ಯಾರದು, ಊರು ಯಾವುದು, ಯಾರೊಡನೆ ಕಾದಿದ ಎಂಬುದನ್ನು ಶಾಸನ ಹೇಳುತ್ತದೆ. ನಾವು ಇಂದು ಕ್ರೀಡಾವೀರರಿಗೆ ನಿಲ್ಲಿಸುವ ಫಲಕಗಳಲ್ಲಿ ಮೇಲಿನ ಪಟ್ಟಿಕೆ ಮಾತ್ರ ಇರುತ್ತದೆ. 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದ ಖಾಶಾಬಾ ಜಾಧವರ ಪ್ರಯಾಣಕ್ಕಾಗಿ ಕೊಲ್ಲಾಪುರದ ಕಾಲೇಜಿನ ಪ್ರಾಚಾರ್ಯರು ಮನೆ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟ ಸಂಗತಿ ಅವರ ಪದಕದ ಕೆಳಗಿನ ಪಟ್ಟಿಕೆ. ಅದನ್ನು ಬಹುಕಾಲ ಯಾರೂ ಕೆತ್ತಲಿಲ್ಲ. ಹೆಣ್ಣಿಗೆ ವೀರಗಲ್ಲು ವಿರಳ, ಅವಳಿಗೆ ಸಾಮಾನ್ಯವಾಗಿ ಸಿಕ್ಕದ್ದು ಮಾಸ್ತಿಗಲ್ಲು. ಬಳೆ ತೊಟ್ಟ ಎತ್ತಿದ ಕೈ ಅವಳ ಗುರುತು. ಕೆರೆಗೆ ಹಾರವಾದ ಭಾಗೀರಥಿಯೂ ಹಾಗೆಯೇ ಪೂಜ್ಯಳಾದವಳು. ಸತ್ತು ಮಾನ ಪಡೆದ ಹೆಣ್ಣಿಗೆ ನಮ್ಮಲ್ಲಿ ಕಲ್ಲೂ ಇದೆ, ಹಾಡೂ ಇದೆ. ಬದುಕಿದ್ದು ದೂರು ಕೊಟ್ಟವಳಿಗೆ ಯಾವ ಪ್ರಕಾರವೂ ಸಿದ್ಧವಾಗಿಲ್ಲ. ಗೀಗಿ ಮೇಳದವರು ಸರ್ಕಾರದ ಯೋಜನೆಗಳನ್ನು ಕುರಿತು ಬೇಕಾದಷ್ಟು ಪದ ಕಟ್ಟಿದ್ದಾರೆ. ಈ ವಿಷಯದ ಮೇಲೆ ಕಟ್ಟಿದ ಪದ ನನಗೆ ಇದುವರೆಗೆ ಸಿಕ್ಕಿಲ್ಲ.

ಮಹಿಳೆಯರ ಕುಸ್ತಿ ಒಲಿಂಪಿಕ್ಸ್‌ಗೆ ಸೇರಿದ್ದು 2004ರ ಅಥೆನ್ಸ್ ಕೂಟದಲ್ಲಿ. ಗದಗಿನ ಕ್ರೀಡಾ ವಸತಿ ನಿಲಯದಲ್ಲಿ ಹೆಣ್ಣುಮಕ್ಕಳು ಕುಸ್ತಿ ಕಲಿತಿದ್ದಾರೆ, ರಾಜ್ಯ ಮತ್ತು ರಾಷ್ಟ್ರ ಮಟ್ಟದಲ್ಲಿ ಆಡಿದ್ದಾರೆ. ಉತ್ತರ ಕರ್ನಾಟಕದ ಹಲವು ಜಾತ್ರೆಗಳ ಮೈದಾನದಲ್ಲಿ ಈಗ ಹುಡುಗಿಯರ ಜೋಡಿಗಳೂ ಇಳಿಯುತ್ತವೆ. ಹಲಗಿ ಅವರಿಗೂ ಬಾರಿಸುತ್ತದೆ. ಅವರಲ್ಲಿ ಹೆಚ್ಚಿನವರು ಕಲಿಯುವುದು ಮ್ಯಾಟಿನ ಮೇಲೆ. ಹನುಮಪ್ಪನ ನೆಪ ಮ್ಯಾಟಿಗೆ ಅನ್ವಯಿಸುವುದಿಲ್ಲ ಎಂಬುದರಿಂದಲೇ ಅವರಿಗೆ ದಾರಿ ತೆರೆಯಿತು. ಪರಂಪರೆಯು ತಾನಾಗಿ ಹೊಸ್ತಿಲನ್ನು ತೆರೆಯಲಿಲ್ಲ, ಪಕ್ಕದಲ್ಲಿ ಬೇರೆ ಬಾಗಿಲು ಆಯಿತು ಎಂಬುದನ್ನು ಜಾನಪದದ ಅಭಿಮಾನಿಗಳಾದ ನಾವು ಒಪ್ಪಿಕೊಳ್ಳಬೇಕು.

ಮುಂದೆ ಈ ಭಾಗದ ಗರಡಿಗಳ ಕ್ಷೇತ್ರಕಾರ್ಯಕ್ಕೆ ಹೋಗುವವರ ಪ್ರಶ್ನಾವಳಿಯಲ್ಲಿ ಮಣ್ಣಿನ ಅಳತೆಯ ಜೊತೆಗೆ ಬೇರೆ ಪ್ರಶ್ನೆಗಳೂ ಸೇರಬೇಕು. ಹೆಣ್ಣುಮಕ್ಕಳಿಗೆ ಕಲಿಸಲು ಒಪ್ಪಿದ ವಸ್ತಾದರು ಯಾರು? ಒಪ್ಪಿದಾಗ ಊರು ಏನೆಂದಿತು? ಗರಡಿಯೊಳಗೆ ಕಲಿಯುವವನಿಗೆ ಅನ್ಯಾಯವಾದರೆ ಪಂಚಾಯಿತಿ ಎಲ್ಲಿ ಸೇರುತ್ತಿತ್ತು, ಅಲ್ಲಿ ಮಾತನಾಡುವ ಹಕ್ಕು ಯಾರಿಗಿತ್ತು? ಜಾತ್ರೆಯ ಕುಸ್ತಿಗೆ ಜೋಡಿ ಹಚ್ಚುವವರಲ್ಲಿ ಎಂದಾದರೂ ಹೆಂಗಸು ಇದ್ದಳೇ? ನನ್ನ ಮಹಾಪ್ರಬಂಧವನ್ನು ಪುಸ್ತಕವಾಗಿ ತರಲು ಸಿದ್ಧಪಡಿಸುತ್ತಿರುವ ಈ ದಿನಗಳಲ್ಲಿ ಆ ಹಳೆಯ ವಾಕ್ಯದ ಬಳಿ ಬಂದು ನಿಂತಿದ್ದೇನೆ. ‘ನಿಷಿದ್ಧವಾಗಿದೆ’ ಎಂಬುದನ್ನು ಹೊಡೆದುಹಾಕಿ, ಆ ದಿನ ಬಾಗಿಲಲ್ಲಿ ನಿಂತು ನನ್ನನ್ನು ತಡೆದವರು ಯಾರು, ಅವರು ಹೇಳಿದ ಮಾತು ಏನು, ನಾನು ಎಲ್ಲಿ ಕುಳಿತು ಬರೆದುಕೊಂಡೆ ಎಂಬುದನ್ನು ಸೇರಿಸಿದ್ದೇನೆ. ವಾಕ್ಯ ಈಗ ಒಂದು ಪುಟವಾಗಿದೆ.